ಸೆನನ್ ಗೆದ್ದ ಓಟ

ನಮ್ಮಣ್ಣ ಸೆನನ್ ಲಿಡ್ಡಿ ಜಾಕಿಯಾಗಿದ್ದದ್ದು ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಬೇಲಿ ಹಾರುವ ಓಟಗಳಲ್ಲಿ ಇಪ್ಪತ್ತಮೂರು ಸಲ ಕುದುರೆ ಏರಿದ, ಒಂಬತ್ತು ಸಲ ಬಿದ್ದ, ಎರಡು ಸಲ ಮೂರನೆಯವನಾಗಿ ಬಂದ, ಒಮ್ಮೆ ಎರಡನೆಯವನಾಗಿ. ಗೆದ್ದವರ ಪಟ್ಟಿಯಲ್ಲಿ ಹುಡುಕಿದರೆ ಅವನ ಹೆಸರು ಸಿಗುವುದಿಲ್ಲ. ಓಟದ ಮರುದಿನ ಪತ್ರಿಕೆಯಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ಕುದುರೆಯ ಹೆಸರಿನ ಪಕ್ಕ ಅವನ ಹೆಸರು ಬರುತ್ತಿತ್ತು. ಅದರ ಪಕ್ಕ ಕಂಸದೊಳಗೆ ಏಳು ಎಂಬ ಅಂಕಿ.

ಆ ಏಳು ಎಂದರೆ ಏಳು ಪೌಂಡು. ಓಟದಲ್ಲಿ ಕುದುರೆ ಹೊರಬೇಕಾದ ತೂಕ ಇಷ್ಟೆಂದು ನಿಗದಿಯಿರುತ್ತದೆ, ಹೊಸ ಸವಾರ ಹತ್ತಿದರೆ ಅದರಲ್ಲಿ ಅಷ್ಟು ಮಾಫಿ. ಸವಾರ ಗೆಲ್ಲುತ್ತ ಹೋದಂತೆ ಏಳು ಐದಾಗುತ್ತದೆ, ಐದು ಮೂರಾಗುತ್ತದೆ, ಆಮೇಲೆ ಆ ಕಂಸವೇ ಮಾಯವಾಗಿ ಬರಿಯ ಹೆಸರು ಉಳಿಯುತ್ತದೆ. ಬರಿಯ ಹೆಸರಾಗಬೇಕು ಅನ್ನುವುದೇ ನಮ್ಮಣ್ಣನ ಆಸೆ. ಬೇರೆ ದೊಡ್ಡ ಆಸೆಗಳೇನೂ ಅವನಿಗಿದ್ದ ಹಾಗೆ ನನಗೆ ನೆನಪಿಲ್ಲ. ಮೊದಲಿಗೆ ಒಂದೇ ಒಂದು ಗೆಲುವು, ಉಳಿದದ್ದು ಅದರ ಹಿಂದೆ ತಾನಾಗಿ ಬರುತ್ತದೆ ಅನ್ನುತ್ತಿದ್ದ.

ಅವನಿಗೆ ಕುದುರೆ ಕೊಡುತ್ತಿದ್ದವನು ಮೊಸ್ಸಿ ಕೆನ್ನೆಲಿ. ನಾಕ್‌ಬ್ರ್ಯಾಕ್ ಗುಡ್ಡದ ಕೆಳಗೆ ಅವನದು ಹದಿನೆಂಟು ಹಸು, ಆರು ಕುದುರೆ. ಬೆಳಿಗ್ಗೆ ಹಾಲನ್ನು ಡೇರಿಗೆ ಮುಟ್ಟಿಸಿ ಬಂದಮೇಲೇ ಕುದುರೆಗಳ ಸರದಿ. ನಾನು ಅವನ ಲಾಯದಲ್ಲಿ ಕೆಲಸಕ್ಕಿದ್ದೆ. ಹುಲ್ಲು ಹಾಸುವುದು, ಮೈ ಉಜ್ಜುವುದು, ಓಟದ ದಿನ ಕುದುರೆಯನ್ನು ಹಿಡಿದು ನಡೆಸುವುದು. ಮೊಸ್ಸಿ ಎಲ್ಲರೆದುರೇ ಅಣ್ಣನಿಗೆ ಹೇಳುತ್ತಿದ್ದ, "ಪಳಗಿದ ಜಾಕಿನ ಹಾಕಿದ್ರೆ ಬುದ್ಧಿ ಸಿಗುತ್ತೆ, ನಿನ್ನ ಹಾಕಿದ್ರೆ ಏಳು ಪೌಂಡು ಸಿಗುತ್ತೆ. ಬುದ್ಧಿ ನನ್ನ ಕುದುರೆಗೇ ಇದೆ, ನೀನು ಸುಮ್ನೆ ಕೂತ್ಕೊಂಡಿರು ಮಾರಾಯ." ಅಣ್ಣ ನಗುತ್ತಿದ್ದ. ಅವನು ಹೆಚ್ಚು ಮಾತಿನವನಲ್ಲ. ಉದ್ದನೆಯ ಕೈಕಾಲು, ಎಲುಬು ಕಾಣುವ ಮುಖ, ಸದಾ ಹಸಿವಿನಿಂದ ಸ್ವಲ್ಪ ದೊಡ್ಡದಾದ ಕಣ್ಣು. ಊರವರೆಲ್ಲ ಈಸ್ಟರಿಗೆ ಮುಂಚಿನ ನಲವತ್ತು ದಿನ ಉಪವಾಸ ಹಿಡಿದು ದಿನ ಎಣಿಸಿದರೆ, ತನ್ನದು ವರ್ಷವಿಡೀ ಅದೇ ವ್ರತ, ಪುಣ್ಯವೆಲ್ಲ ಎಲ್ಲಿ ಜಮೆಯಾಗುತ್ತಿದೆಯೋ ಗೊತ್ತಿಲ್ಲ ಎಂದು ಬೇಯಿಸಿದ ಒಂದು ಮೊಟ್ಟೆಯ ಮುಂದೆ ಕೂತು ಹೇಳುತ್ತಿದ್ದ.

ನಮ್ಮಿಬ್ಬರನ್ನು ಬೆಳೆಸಿದವಳು ಅಜ್ಜಿ. ಅಮ್ಮ ನಾನು ತೊಟ್ಟಿಲಲ್ಲಿರುವಾಗಲೇ ಹೋದಳು. ಅಪ್ಪ ಇಂಗ್ಲೆಂಡಿನಲ್ಲಿ ಕಟ್ಟಡದ ಕೆಲಸದಲ್ಲಿದ್ದು ಕ್ರಿಸ್‌ಮಸ್ಸಿಗೊಂದು ಕಾಗದ ಬರೆಯುತ್ತಿದ್ದ. ಅಜ್ಜಿ ಒಲೆಯ ಬದಿಯಲ್ಲಿ ಆಲೂಗಡ್ಡೆ ಸುಲಿಯುತ್ತ ಕಥೆ ಹೇಳುತ್ತಿದ್ದಳು. ಅವಳ ಕಥೆಗಳಲ್ಲಿ ಒಂದು ಕುದುರೆ ಮೇ ತಿಂಗಳ ಮೊದಲ ಬೆಳಗಿಗೆ ಸರೋವರದಿಂದ ಎದ್ದು ಬರುತ್ತಿತ್ತು, ಮೈಯಿಂದ ನೀರು ಸುರಿಸುತ್ತ. ಅದನ್ನು ಹತ್ತಿದವನು ಬೀಳುವುದಿಲ್ಲ, ಆದರೆ ಇಳಿಯುವುದೂ ಇಲ್ಲ. ಗುಡ್ಡ, ಕಾಡು, ಸಮುದ್ರ, ಎಲ್ಲ ದಾಟಿ ಅದು ಓಡುತ್ತಲೇ ಇರುತ್ತದೆ. ಆರು ವರ್ಷದ ಸೆನನ್ ಕೇಳಿದ್ದನಂತೆ, ಅವನಿಗೆ ಇಳಿಯಕ್ಕೆ ಆಗಲ್ವಾ, ಇಲ್ಲ ಇಳಿಯಕ್ಕೆ ಮನಸ್ಸಿಲ್ವಾ ಎಂದು. ಅಜ್ಜಿ ಆಲೂಗಡ್ಡೆಯ ಸಿಪ್ಪೆಯನ್ನು ಒಂದೇ ಸುರುಳಿಯಾಗಿ ತೆಗೆದು, ಈ ವಯಸ್ಸಿಗೆ ನಿನಗ್ಯಾಕಪ್ಪ ಅಷ್ಟು ದೊಡ್ಡ ಪ್ರಶ್ನೆ ಅಂದಳಂತೆ. ನಾನು ಆ ಕಥೆ ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಅವನು ಎದ್ದು ಕೂರುತ್ತಿದ್ದ.

ಅವನು ಜಾಕಿಯಾದ ಮೊದಲ ಶರತ್ಕಾಲದಲ್ಲಿ ಒಮ್ಮೆ ಬಿದ್ದು ತಲೆಗೆ ಪೆಟ್ಟಾಯಿತು. ಜನವರಿಯಲ್ಲಿ ಇನ್ನೊಮ್ಮೆ. ಓಟದ ಮೈದಾನದಲ್ಲಿ ಬಿದ್ದವರನ್ನೆಲ್ಲ ಅಲ್ಲಿಯ ಡಾಕ್ಟರು ನೋಡಿ, ಸರಿಯಿದ್ದಾನೆ ಎಂದು ಬರೆದುಕೊಟ್ಟರೆ ಮಾತ್ರ ಮುಂದಿನ ಓಟ. ನಮ್ಮ ಸೀಮೆಯ ಓಟಗಳಿಗೆಲ್ಲ ಬರುತ್ತಿದ್ದವರು ಡಾಕ್ಟರ್ ಪ್ರೆಂಡರ್‌ಗಾಸ್ಟ್, ಯಾವಾಗಲೂ ಬಾಯಲ್ಲಿ ಪೆಪ್ಪರ್‌ಮೆಂಟು ಇಟ್ಟುಕೊಂಡಿರುವ ನಿಧಾನಸ್ಥ ಮುದುಕರು. ಜನವರಿಯಲ್ಲಿ ಅವರು ಅಣ್ಣನನ್ನು ಮೂರು ವಾರ ಮನೆಯಲ್ಲಿ ಕೂರಿಸಿದರು. ಕೂರಿಸುವಾಗ ನನ್ನೆದುರೇ ಹೇಳಿದರು, ಮಿದುಳು ಎರಡು ಸಲ ಅಲುಗಿದೆ, ಮೂರನೇ ಸಲ ಅಲುಗಿದರೆ ಲೈಸೆನ್ಸನ್ನು ತಾನೇ ತೆಗೆದುಕೊಳ್ಳುತ್ತೇನೆ, ಮತ್ತೆ ವಾಪಸ್ ಕೊಡುವ ಮಾತಿಲ್ಲ ಎಂದು. ಅಣ್ಣ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ಹೊರಗೆ ಬಂದವನೇ, ಮೂರನೆಯದನ್ನು ಅವರಿಗೆ ಯಾರು ಹೇಳಬೇಕಂತೆ ಅಂದ.

ಆ ವಸಂತದಲ್ಲಿ ಮೊಸ್ಸಿಯ ಲಾಯದಲ್ಲಿ ಲಿನೆಟ್ ಇದ್ದಳು. ಆರು ವರ್ಷದ ಕಂದು ಹೆಣ್ಣು ಕುದುರೆ, ನೋಡಲು ಏನೇನೂ ಅಲ್ಲ, ಮಂಡಿ ದಪ್ಪ, ಒಂದು ಕಿವಿ ಸದಾ ಹಿಂದಕ್ಕೆ. ಆದರೆ ಬೇಲಿ ಕಂಡರೆ ಅವಳ ಮೈಯಲ್ಲಿ ಬೇರೊಬ್ಬಳು ಬಂದು ಸೇರಿಕೊಳ್ಳುತ್ತಿದ್ದಳು. ಅಣ್ಣ ಒಂದೇ ಒಂದು ಸಲ ಎರಡನೆಯವನಾಗಿ ಬಂದದ್ದು ಇವಳ ಮೇಲೆ, ತಲೆಯಷ್ಟೇ ಅಂತರದಲ್ಲಿ. ಈಸ್ಟರ್ ಸೋಮವಾರ ಕಿಲ್‌ಕಾರನ್ನಿನಲ್ಲಿ ಮೂರು ಮೈಲಿಯ ಓಟವೊಂದಿತ್ತು, ಅದಕ್ಕೆ ಇವಳನ್ನು ಹಾಕಿದ್ದರು. ಈ ಸಲ ಹೋಗುವುದೇ ಇಲ್ಲ ಗೆಲುವು ಕೈತಪ್ಪಿ, ಎಂದು ಮೊಸ್ಸಿಯಂಥ ಮೊಸ್ಸಿಯೇ ಎರಡು ಸಲ ಅಂದಿದ್ದ.

ಗುರುವಾರ ಬೆಳಿಗ್ಗೆ ಮೊಸ್ಸಿ ಡೇರಿಗೆ ಹೋಗಿದ್ದಾಗ ಅಣ್ಣ ಲಿನೆಟ್‌ಳನ್ನು ಮೇಲಿನ ಹೊಲದ ಮೂರು ಬೇಲಿಗಳ ಮೇಲೆ ಹಾರಿಸಿದ. ನಾನು ಗೇಟಿನ ಹತ್ತಿರ ನಿಂತಿದ್ದೆ. ಎರಡು ಬೇಲಿ ಗಾಳಿಯ ಹಾಗೆ ದಾಟಿದಳು. ಮೂರನೆಯದರ ಆಚೆ ನೆಲ ಒದ್ದೆಯಿತ್ತು, ಇಳಿದವಳು ಮೂಗು ನೆಲಕ್ಕೆ ತಾಗುವಷ್ಟು ಮುಗ್ಗರಿಸಿದಳು. ಅಣ್ಣ ಅವಳ ಕಿವಿಗಳ ಮೇಲಿಂದ ಹೋಗಿ ಬಿದ್ದ. ನಾನು ಓಡಿದೆ. ಅವನು ಕಣ್ಣು ಮುಚ್ಚಿ ಮಲಗಿದ್ದ, ಯಾರೋ ಹೊದಿಸಿ ಮಲಗಿಸಿದ ಹಾಗೆ. ನಾನು ಎಣಿಸುತ್ತ ಕೂತೆ, ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ನಲವತ್ತಕ್ಕೆ ಬಂದಾಗ ಕಣ್ಣು ಬಿಟ್ಟ. ಅಮ್ಮ ಹಾಲು ಕರೆದಾಯ್ತಾ ಎಂದು ಕೇಳಿದ.

ಸ್ವಲ್ಪ ಹೊತ್ತಿಗೆ ಸರಿಯಾದ. ನಡೆದ, ಲಿನೆಟ್‌ಳ ಕಾಲು ತಡವಿ ನೋಡಿದ, ನನ್ನ ಹೆಸರು ಹೇಳಿದ. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡ. ಹಾಗೆಲ್ಲ ಹಿಡಿಯುವವನಲ್ಲ ಅವನು.

"ಬ್ರೀಡಾ, ಸೋಮವಾರದ ತನಕ. ಅಷ್ಟೇ. ಸೋಮವಾರ ಆದ್ಮೇಲೆ ನೀನೇ ಹೋಗಿ ಡಾಕ್ಟರಿಗೆ ಹೇಳು, ನಾನೇ ಬಂದು ಪಕ್ಕದಲ್ಲಿ ನಿಂತ್ಕೋತೀನಿ."

ನಾನು ಆಗಲಿ ಅಂದೆ. ಅವನ ಮೇಲಿನ ಕರುಣೆಗೆ ಅಂದೆ ಎಂದು ಹೇಳಿದರೆ ಅರ್ಧ ಸುಳ್ಳು. ಆ ಗೆಲುವು ನನಗೂ ಬೇಕಿತ್ತು. ಹದಿನಾಲ್ಕು ತಿಂಗಳಿಂದ ಪ್ರತಿ ಓಟದಲ್ಲೂ ಬೆವತ ಕುದುರೆಯನ್ನು ಹಿಡಿದು, ಗೆದ್ದವರು ಹೋಗುವ ಬಿಳಿ ಗೇಟಿನ ಪಕ್ಕದಿಂದಲೇ ಹಾದು, ಸೋತವರು ನಿಲ್ಲುವ ಹಿಂದಿನ ಹುಲ್ಲಿಗೆ ನಡೆಸಿಕೊಂಡು ಹೋಗುತ್ತಿದ್ದವಳು ನಾನು. ಆ ಬಿಳಿ ಗೇಟಿನೊಳಗೆ ಒಂದು ಸಲ ಕಾಲಿಡಬೇಕು ಅನ್ನಿಸುತ್ತಿತ್ತು. ಒಳಗೆ ಹುಲ್ಲು ಬೇರೆ ಥರ ಇರುತ್ತದೇನೋ ಎಂದು ಕೂಡ ಅನ್ನಿಸುತ್ತಿತ್ತು.

ಸೋಮವಾರ ಕುದುರೆ ಲಾರಿಯಲ್ಲಿ ಮೊಸ್ಸಿ, ಹಿಂದೆ ಅಜ್ಜಿಯ ಹಳೆ ಕಾರಿನಲ್ಲಿ ನಾವಿಬ್ಬರು. ನಾನು ಓಡಿಸುತ್ತಿದ್ದೆ. ಅಣ್ಣ ಮೈತೂಕದಲ್ಲಿ ಎರಡು ಪೌಂಡು ಇಳಿಸಬೇಕಿತ್ತು. ಅದಕ್ಕೇ ಸ್ವೆಟರುಗಳ ಒಳಗೆ ಪ್ಲಾಸ್ಟಿಕ್ ಚೀಲ ತೊಟ್ಟು, ಕಾರಿನ ಹೀಟರನ್ನು ಪೂರ್ತಿ ತಿರುಗಿಸಿ ಕೂತಿದ್ದ. ಕಿಟಕಿಗಳೆಲ್ಲ ಮಂಜಾಗಿ ಹೊರಗಿನ ಹಸಿರು ಕರಗಿದ ಬಣ್ಣದ ಹಾಗೆ ಜಾರುತ್ತಿತ್ತು. ಹೆಲ್ಮೆಟ್ ತಂದಿದ್ದೀಯಾ ಎಂದು ಕೇಳಿದ. ತಂದಿದ್ದೇನೆ, ಹಿಂದಿನ ಸೀಟಲ್ಲಿದೆ ಅಂದೆ. ಎರಡು ಮೈಲಿ ಆದಮೇಲೆ ಮತ್ತೆ ಕೇಳಿದ. ನನ್ನನ್ನು ರೇಗಿಸುತ್ತಿದ್ದಾನೆ ಅಂದುಕೊಂಡು, ಇಲ್ಲ, ಅಜ್ಜಿ ಅದರಲ್ಲಿ ಕೋಳಿಮರಿ ಕೂರಿಸಿದ್ದಾಳೆ ಅಂದೆ. ನಗಲಿಲ್ಲ. ಸೇತುವೆ ದಾಟುವಾಗ ಮೂರನೇ ಸಲ ಕೇಳಿದ, ಮೊದಲ ಸಲ ಕೇಳಿದಷ್ಟೇ ಸಹಜವಾಗಿ. ನಿನ್ನೆ ಮಧ್ಯಾಹ್ನದಿಂದ ಅವನಿಗೆ ಒಂದು ಗುಟುಕು ಸಕ್ಕರೆಯಿಲ್ಲದ ಚಹಾ ಬಿಟ್ಟರೆ ಏನೂ ಇಳಿದಿಲ್ಲ ಒಳಗೆ, ಯಾರ ತಲೆಯಾದರೂ ಹೀಗೇ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದು ಸುಲಭವಿತ್ತು. ಬಿಳಿ ಗೇಟು ಇನ್ನು ಆರೇ ಮೈಲಿ ದೂರ.

ಕಿಲ್‌ಕಾರನ್ ಸಣ್ಣ ಮೈದಾನ. ಮೂರು ಮೈಲಿ ಎಂದರೆ ಎರಡೂವರೆ ಸುತ್ತು. ಆಚೆ ಬದಿಯಲ್ಲಿ ಶುರುವಾಗಿ, ಜನ ಕೂತ ಕಟ್ಟೆಯ ಮುಂದಿನ ಗೆಲುವಿನ ಕಂಬವನ್ನು ಮೂರು ಸಲ ದಾಟಬೇಕು. ಮೂರನೆಯದೇ ಕೊನೆ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಮೊದಲ ಓಟಕ್ಕೆ ಮುಂಚೆ ಅಣ್ಣ ಬೇರೆ ಜಾಕಿಗಳ ಜೊತೆ ಪೂರ್ತಿ ಮೈದಾನ ನಡೆದು ಬಂದಿದ್ದ, ಎಲ್ಲಿ ಕೆಸರು, ಎಲ್ಲಿ ಗಟ್ಟಿ ಎಂದು ಬೂಟಿನ ಹಿಮ್ಮಡಿಯಿಂದ ಒತ್ತಿ ನೋಡುತ್ತ.

ಹನ್ನೊಂದು ಕುದುರೆ. ಮೊದಲ ಸಲ ಕಂಬ ದಾಟುವಾಗ ಅಣ್ಣ ನಾಲ್ಕನೆಯವನು, ಮೊಸ್ಸಿ ಹೇಳಿಕೊಟ್ಟ ಹಾಗೆಯೇ ಸುಮ್ಮನೆ ಕೂತಿದ್ದ. ಆಚೆ ಬದಿಯ ಇಳಿಜಾರಿನಲ್ಲಿ ಇಬ್ಬರು ಬಿದ್ದರು. ಲಿನೆಟ್ ಒಂದೊಂದು ಬೇಲಿಗೂ ಒಂದೊಂದು ಮಾರು ಗಳಿಸುತ್ತ ಬಂದಳು. ತಿರುವಿನಲ್ಲಿ ಅವಳು ಮುಂದೆ ಕಾಣಿಸಿಕೊಂಡಾಗ ಕಟ್ಟೆಯ ಮೇಲಿದ್ದವರು ಎದ್ದು ನಿಂತರು, ನಮ್ಮ ಕಡೆಯವರೆಲ್ಲ ಅವಳ ಹೆಸರು ಹಿಡಿದು ಕೂಗಿದರು. ಇನ್ನೂ ಒಂದು ಸುತ್ತು ಬಾಕಿಯಿತ್ತು. ಸುಮ್ಮನೆ ಹುರುಪಿಗೆ ಕೂಗಿದ್ದು ಅಷ್ಟೆ.

ಆಗ ಅಣ್ಣ ಕೆಳಕ್ಕೆ ಬಾಗಿದ.

ಕೊನೆಯ ನೂರು ಗಜಕ್ಕೆ ಜಾಕಿಗಳು ಬಾಗುವ ಹಾಗೆ, ಗದ್ದವನ್ನು ಕುದುರೆಯ ಕೊರಳಿಗೆ ತಂದು, ಕೈಯಿಂದ ತಳ್ಳುತ್ತ, ಚಾವಟಿ ಎತ್ತಿ. ಅಷ್ಟು ಚೆಂದವಾಗಿ ಅವನು ಸವಾರಿ ಮಾಡಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಲಿನೆಟ್ ಬಾಣದ ಹಾಗೆ ಬಂದಳು. ಹಿಂದಿನವರಿಗಿಂತ ಆರು ಮಾರು, ಎಂಟು ಮಾರು ಮುಂದೆ. ನನ್ನ ಪಕ್ಕದ ಮುದುಕನೊಬ್ಬ, ಇವನಿಗೇನು ತಲೆ ಕೆಟ್ಟಿದೆಯಾ, ಈಗಲೇ ಎಲ್ಲ ಖರ್ಚು ಮಾಡ್ತಿದ್ದಾನೆ ಅಂದ. ಕಂಬ ದಾಟಿತು. ಅಣ್ಣ ಕಾಲೂರುವ ರಿಕಾಪುಗಳ ಮೇಲೆ ನೆಟ್ಟಗೆ ಎದ್ದು ನಿಂತ. ಲಗಾಮು ಸಡಿಲ ಬಿಟ್ಟ. ಬಾಗಿ ಲಿನೆಟ್‌ಳ ಕೊರಳನ್ನು ಒಮ್ಮೆ, ಎರಡು ಸಲ, ಮೂರು ಸಲ ತಟ್ಟಿದ. ಅವಳು ಓಟ ನಿಲ್ಲಿಸಿ ನಡಿಗೆಗೆ ಇಳಿದಳು. ಉಳಿದ ಎಂಟು ಕುದುರೆಗಳು ಅವನ ಎರಡೂ ಬದಿಯಿಂದ ನೀರು ಕಲ್ಲನ್ನು ಬಳಸಿ ಹೋಗುವ ಹಾಗೆ ಹೋದವು. ಅವನು ಅವುಗಳತ್ತ ನೋಡಲೇ ಇಲ್ಲ. ಜನರ ಕೂಗು ನಿಂತು ಬೇರೆಯೇ ಸದ್ದಾಯಿತು, ನಗು ಮತ್ತು ಬೈಗುಳ ಕಲಸಿದ ಸದ್ದು.

ಅವನು ಲಿನೆಟ್‌ಳನ್ನು ತಿರುಗಿಸಿ ಮೆಲ್ಲಗೆ ನಡೆಸುತ್ತ ನನ್ನ ಕಡೆ ಬಂದ. ಮುಖದ ತುಂಬ ಕೆಸರು. ಆ ಕೆಸರಿನೊಳಗಿನ ನಗು ಇದ್ದಿತಲ್ಲ, ಅದನ್ನು ಹೇಗೆ ಹೇಳಲಿ. ಅಮ್ಮನ ಫೋಟೋದಲ್ಲಿ ಅಂಥ ನಗು ಇದೆ. ಅವನ ಮುಖದಲ್ಲಿ ಅದು ಇತ್ತೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

"ಗೆದ್ದೆ ಕಣೆ," ಅಂದ. "ನೋಡಿದ್ಯಾ, ಎಷ್ಟು ಸಲೀಸಾಗಿ ಬಂದ್ಲು."

ನಾನು ಲಗಾಮು ಹಿಡಿದೆ. ಹೌದು ಅಣ್ಣ ಅಂದೆ. ಅವನು ಬಿಳಿ ಗೇಟಿನ ಕಡೆ ಕೈ ತೋರಿಸಿದ, ನಡೆ ಅನ್ನುವ ಹಾಗೆ. ನಾಲ್ಕು ಹೆಜ್ಜೆ ನಡೆದೆ ಕೂಡ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಮೊಸ್ಸಿ ಓಡಿ ಬಂದ. ಟೋಪಿ ಎಲ್ಲೋ ಬಿದ್ದಿತ್ತು. "ಇನ್ನೊಂದು ಸುತ್ತು ಇತ್ತಲ್ಲೋ ದರಿದ್ರದವನೇ. ಗೆದ್ದಿರೋ ಓಟನ ಬೀದೀಲಿ ನಿಲ್ಸಿ ಬಂದ್ಯಲ್ಲೋ." ಬೇಲಿಯ ಆಚೆಯಿಂದ ಯಾರೋ, ಬುಕ್ಕಿಗಳು ಎಷ್ಟು ಕೊಟ್ರೋ ಲಿಡ್ಡಿ, ನಮಗೂ ಒಂದು ಪಾಲು ಹಾಕೋ ಎಂದು ಕೂಗಿದರು. ಅಣ್ಣನ ನಗು ಒಮ್ಮೆಗೇ ಹೋಗಲಿಲ್ಲ. ಕೈಪಂಪಿನ ನೀರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಸುರಿಯುತ್ತದಲ್ಲ, ಹಾಗೆ ಇದ್ದು, ಆಮೇಲೆ ಹೋಯಿತು. ದೂರದಲ್ಲಿ ಕುದುರೆಗಳು ಆಚೆ ಬದಿಯ ಬೇಲಿ ಹಾರುತ್ತಿದ್ದವು. ಅವನು ಅವುಗಳನ್ನು ನೋಡುತ್ತ ಜೀನಿನಿಂದ ಇಳಿದ.

ಓಟಗಳ ತಂಟೆ ತಕರಾರು ತೀರ್ಮಾನ ಮಾಡಲು ಮೂವರು ದೊಡ್ಡ ಮನುಷ್ಯರು ಕೂತಿರುತ್ತಾರೆ, ಸ್ಟೀವರ್ಡರು. ಜಾಕಿಗಳನ್ನು ತೂಗುವ ಕೋಣೆಯ ಹಿಂದೆ ಅವರ ಕೋಣೆ. ಮೊಸ್ಸಿಯನ್ನು ಮೊದಲು ಕರೆದರು. ಅಣ್ಣ ಹೊರಗಿನ ಓಣಿಯಲ್ಲಿ ಗೋಡೆಗೆ ಒರಗಿ ನಿಂತ, ನಾನು ಪಕ್ಕದಲ್ಲಿ. ಅವನಿಗೆ ಎಲ್ಲ ಸ್ಪಷ್ಟವಾಗಿರುವ ಹಾಗೆ ಕಂಡಿತು. ತಗ್ಗಿದ ದನಿಯಲ್ಲಿ ಬೇಗ ಬೇಗ ಹೇಳಿದ, ಸುತ್ತು ಎಣಿಸುವಾಗ ತಪ್ಪಿದೆ ಅಂತೀನಿ, ಮೂವತ್ತು ದಿನ ಹೊರಗಿಡ್ತಾರೆ, ಜಾಸ್ತಿ ಅಂದ್ರೆ ನಲವತ್ತು, ಜನ ಒಂದಷ್ಟು ದಿನ ನಗ್ತಾರೆ. ಮೇ ಕೊನೆಗೆ ಮತ್ತೆ ಹತ್ತಬಹುದು.

"ನೀನು ಮಾತ್ರ ಬಾಯಿ ಬಿಡಬೇಡ," ಅಂದ. "ನಿನ್ನ ಕಾಲಿಗೆ ಬೀಳ್ತೀನಿ ಬ್ರೀಡಾ. ಮೂವತ್ತು ದಿನ ನಾನು ತಡ್ಕೋತೀನಿ. ಪೂರ್ತಿ ಹೋದ್ರೆ ನನ್ನ ಕೈಲಿ ಆಗಲ್ಲ."

ಇಲ್ಲ, ಬಿಡಲ್ಲ ಅಂದೆ. ಮನಸ್ಸಿನಲ್ಲಿ ಮೇ ತಿಂಗಳನ್ನು ಲೆಕ್ಕ ಹಾಕಿದೆ. ಲಿನೆಟ್ ಅಷ್ಟರಲ್ಲಿ ಇನ್ನೂ ಹುರುಪಾಗಿರುತ್ತಾಳೆ, ನೆಲ ಒಣಗಿರುತ್ತದೆ. ಎಲ್ಲ ಸರಿಹೋಗುತ್ತದೆ ಎಂದು ಅಂದುಕೊಳ್ಳುತ್ತಿರುವಾಗಲೇ ಅಣ್ಣ ಆಚೀಚೆ ನೋಡಿದ, ಬೆಂಚಿನ ಕೆಳಗೆ ಬಾಗಿ ನೋಡಿದ.

"ಹೆಲ್ಮೆಟ್ ತಂದಿದ್ದೀಯಾ?" ಎಂದು ಕೇಳಿದ.

ಅದು ಅವನ ತಲೆಯ ಮೇಲೇ ಇತ್ತು. ಗದ್ದದ ಕೆಳಗೆ ಪಟ್ಟಿ ಬಿಗಿದೇ ಇತ್ತು.

ಪಟ್ಟಿಯನ್ನು ಬಿಚ್ಚಿ, ಹೆಲ್ಮೆಟ್ ತೆಗೆದು, ಅವನ ಕೈಗೆ ಕೊಟ್ಟೆ. ಬೆವರಿನಲ್ಲಿ ಅಂಟಿಕೊಂಡ ಕೂದಲನ್ನು ಹಿಂದಕ್ಕೆ ಸರಿಸಿದೆ. ಆಮೇಲೆ ಆ ಓಣಿಯ ಕೊನೆಗೆ ನಡೆದು ಡಾಕ್ಟರ್ ಪ್ರೆಂಡರ್‌ಗಾಸ್ಟರ ಬಾಗಿಲು ತಟ್ಟಿದೆ. ಇಪ್ಪತ್ತು ಹೆಜ್ಜೆ ಇರಬಹುದು. ಅವನು ಹಿಂದಿನಿಂದ ನನ್ನ ಹೆಸರು ಕರೆದ. ನಾನು ತಿರುಗಲಿಲ್ಲ. ತಿರುಗಿದ್ದರೆ ಹೋಗುತ್ತಿರಲಿಲ್ಲ.

ಡಾಕ್ಟರು ಕೇಳಿಸಿಕೊಂಡು, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ ಎಂದು ಕೇಳಿದರು. ನಲವತ್ತು ಎಣಿಸಿದೆ ಅಂದೆ. ಗುರುವಾರದಿಂದ ಇವತ್ತಿನ ತನಕ ಸುಮ್ಮನಿದ್ದೆಯಾ ಮಗಳೇ ಅಂದರು. ಬೈದದ್ದಲ್ಲ, ಸುಮ್ಮನೆ ಕೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು.

ಅಣ್ಣನನ್ನು ಸ್ಟೀವರ್ಡರ ಎದುರೇ ಕುರ್ಚಿಯಲ್ಲಿ ಕೂರಿಸಿ, ಡಾಕ್ಟರು ಮೂರು ಪ್ರಶ್ನೆ ಕೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಇವತ್ತು ಯಾವ ದಿನ. ಈಸ್ಟರ್ ಸೋಮವಾರ ಅಂದ ಅಣ್ಣ, ತಟ್ಟನೆ. ಹತ್ತಿದ ಕುದುರೆಯ ಹೆಸರೇನು. ಲಿನೆಟ್, ಮೊಸ್ಸಿ ಕೆನ್ನೆಲಿಯದು. ಮೊಸ್ಸಿ ಉಸಿರು ಬಿಟ್ಟ. ಡಾಕ್ಟರು ಬಾಯಿಯ ಪೆಪ್ಪರ್‌ಮೆಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿ, ಈ ಓಟ ಗೆದ್ದವರು ಯಾರು ಎಂದು ಕೇಳಿದರು.

ಅಣ್ಣ ಒಮ್ಮೆ ನನ್ನ ಕಡೆ ನೋಡಿದ, ಇದೆಂಥ ಪ್ರಶ್ನೆ ಅನ್ನುವ ಹಾಗೆ.

"ನಾನೇ," ಅಂದ.

ಯಾರೂ ನಗಲಿಲ್ಲ. ಮೂವರಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸತೊಡಗಿದರು. ಕುದುರೆಯನ್ನು ಬೇಕೆಂದೇ ನಿಲ್ಲಿಸಿದ ಆರೋಪ ಅಲ್ಲಿಗೇ ಬಿತ್ತು. ಮೊಸ್ಸಿಗೂ ಏನೂ ಆಗಲಿಲ್ಲ. ಅಣ್ಣನಿಗೆ ಒಂದು ದಿನದ ಶಿಕ್ಷೆಯೂ ಇಲ್ಲ. ಅವನ ಲೈಸೆನ್ಸು ಡಾಕ್ಟರ ಚೀಲದೊಳಗೆ ಹೋಯಿತು. ಇನ್ನೊಂದು ಪೆಟ್ಟು ಬಿದ್ದರೆ ಈ ಹುಡುಗ ನಿಮ್ಮನ್ನು ಯಾರನ್ನೂ ಗುರುತಿಸದೆ ಹೋಗಬಹುದು, ಓಟ ಹಾಗಿರಲಿ, ಹೊಲದಲ್ಲೂ ಕುದುರೆ ಹತ್ತಿಸಬೇಡಿ ಎಂದು ನನಗೂ ಮೊಸ್ಸಿಗೂ ಸೇರಿಸಿ ಹೇಳಿದರು.

ವಾಪಸ್ ಬರುವಾಗ ಕಾರಿನಲ್ಲಿ ಹೀಟರ್ ಹಾಕಿರಲಿಲ್ಲ. ಅಣ್ಣ ಕಿಟಕಿ ಇಳಿಸಿ ಕೂತಿದ್ದ. ಸೇತುವೆಯ ಹತ್ತಿರ, ಇನ್ನು ನನ್ನ ಹತ್ರ ಮಾತಾಡಬೇಡ ಅಂದ, ಅಷ್ಟೆ. ಮನೆಯಲ್ಲಿ ಅಜ್ಜಿ ಎಲ್ಲ ಕೇಳಿ, ನನ್ನನ್ನು ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ. ಒಂದು ಪಾತ್ರೆ ತುಂಬ ಆಲೂಗಡ್ಡೆ ಬೇಯಿಸಿ, ಹಿಸುಕಿ, ಹಾಲು ಈರುಳ್ಳಿ ಹಾಕಿ, ನಡುವೆ ಗುಂಡಿ ಮಾಡಿ ಬೆಣ್ಣೆ ಇಟ್ಟು ಅವನ ಮುಂದೆ ತಳ್ಳಿದಳು. ಅವನು ತಟ್ಟೆಯನ್ನು ನೋಡುತ್ತ ಕೂತ. ತಿನ್ನುವುದಕ್ಕೆ ಈಗ ಯಾವ ಅಡ್ಡಿಯೂ ಇರಲಿಲ್ಲ, ಅದೇ ಅವನನ್ನು ಹೆದರಿಸಿರಬೇಕು. ಆಮೇಲೆ ತಿಂದ. ಪೂರ್ತಿ ತಿಂದ. ತಿನ್ನುತ್ತ ಅಳುತ್ತಿದ್ದ, ನಾವು ನೋಡದವರ ಹಾಗೆ ಇದ್ದೆವು.

ಅವನಿಗೆ ಡೇರಿಯಲ್ಲಿ ಹಾಲಿನ ಕ್ಯಾನು ಎತ್ತುವ ಕೆಲಸ ಸಿಕ್ಕಿತು. ಬೇಸಿಗೆ ಕಳೆಯುವಷ್ಟರಲ್ಲಿ ಮೈ ತುಂಬಿಕೊಂಡ, ಹೆಗಲು ಅಗಲವಾಯಿತು, ಹಳೆಯ ಅಂಗಿಗಳು ಸಾಲದಾದವು. ಪೇಟೆಯ ಹುಡುಗಿಯರು ಈಗ ಅವನನ್ನು ತಿರುಗಿ ನೋಡುತ್ತಿದ್ದರು. ನನ್ನ ಜೊತೆ ಮಾತ್ರ ಮಾತಿಲ್ಲ. ಅಜ್ಜಿ, ಅವಳಿಗೆ ಉಪ್ಪು ಈ ಕಡೆ ತಳ್ಳಕ್ಕೆ ಹೇಳು ಅನ್ನುತ್ತಿದ್ದ, ನಾನು ಎದುರಿಗೇ ಕೂತಿದ್ದರೂ. ಅಜ್ಜಿ ಗಂಭೀರವಾಗಿ ನನ್ನ ಕಡೆ ತಿರುಗಿ, ಅವನು ಉಪ್ಪು ಕೇಳ್ತಿದ್ದಾನಂತೆ ಅನ್ನುತ್ತಿದ್ದಳು. ಅವನಿಗೆ ಇನ್ನೂ ಬೆಳಗಿನ ಹೊತ್ತು ತಲೆನೋವು ಬರುತ್ತಿತ್ತು. ಅದನ್ನೂ ನನಗೆ ಅಜ್ಜಿಯೇ ಹೇಳಿದ್ದು.

ಸಂಜೆ ಡೇರಿಯಿಂದ ಬರುವಾಗ ಅವನು ಮೊಸ್ಸಿಯ ಹೊಲದ ಹಿಂದಿನ ದಾರಿ ಹಿಡಿಯುತ್ತಿದ್ದ, ಅರ್ಧ ಮೈಲಿ ಸುತ್ತಾದರೂ. ನಾನು ಲಾಯದ ಕಿಟಕಿಯಿಂದ ನೋಡುತ್ತಿದ್ದೆ. ಗೇಟಿನ ಮೇಲಿನ ಅಡ್ಡಪಟ್ಟಿಗೆ ಎರಡೂ ಮೊಣಕೈ ಊರಿ ನಿಲ್ಲುತ್ತಿದ್ದ. ಹೊಲ ಖಾಲಿಯಿದ್ದರೂ ನಿಲ್ಲುತ್ತಿದ್ದ. ಮೂರು ಬೇಲಿಗಳನ್ನು ಒಂದಾದ ಮೇಲೆ ಒಂದು ನೋಡುತ್ತಿದ್ದ ಅನ್ನುವುದು ಅವನ ತಲೆ ತಿರುಗುವುದರಲ್ಲೇ ಗೊತ್ತಾಗುತ್ತಿತ್ತು. ಮೂರನೆಯದರ ಆಚೆ ಸ್ವಲ್ಪ ಹೊತ್ತು. ಆಮೇಲೆ ಕೋಟಿನ ಕಾಲರ್ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಓಡಿ ಹೋಗಿ ಏನಾದರೂ ಹೇಳಬೇಕು ಅನ್ನಿಸುತ್ತಿತ್ತು. ಏನು ಹೇಳುವುದು? ಕ್ಷಮಿಸು ಅನ್ನಲು ನನಗೆ ಪಶ್ಚಾತ್ತಾಪವಿರಲಿಲ್ಲ. ಇರಲಿಲ್ಲವಲ್ಲ ಅನ್ನುವುದೇ ದುಃಖ.

ಲಿನೆಟ್ ಬೇರೆ ಜಾಕಿಗಳಿಗೆ ಒಗ್ಗಲಿಲ್ಲ. ನಾಲ್ಕು ಓಟ ಓಡಿದಳು, ಎರಡರಲ್ಲಿ ಬೇಲಿಯ ಮುಂದೆ ಬಂದು ಗೂಟ ಹೊಡೆದ ಹಾಗೆ ನಿಂತಳು. ಫೆಬ್ರವರಿಯಲ್ಲಿ ಮೊಸ್ಸಿ, ಹೀಗೇ ಆದರೆ ಇಂಗ್ಲೆಂಡಿನವರಿಗೆ ಮಾರಿಬಿಡುತ್ತೇನೆ ಅಂದ. ಬೇಲಿಯ ಭಯ ಬಿಡಿಸಬೇಕು, ಯಾರಾದರೂ ಅವಳಿಗೆ ಪರಿಚಯದವರೇ ಹತ್ತಬೇಕು. ನನ್ನ ಕಡೆ ನೋಡಿದ. ನಾನು ಅಲ್ಲಿಯತನಕ ದಾರಿಯ ಮೇಲೆ ಓಡಿಸಿದ್ದೆನೇ ಹೊರತು ಒಂದು ಬೇಲಿಯನ್ನೂ ಹಾರಿದವಳಲ್ಲ. ನನಗೆ ಕುದುರೆಗಳು ಇಷ್ಟ, ಎತ್ತರ ಇಷ್ಟವಿಲ್ಲ. ಆದರೂ ಹ್ಞೂಂ ಅಂದೆ. ಅವಳು ಹೊರಟುಹೋದರೆ ಆ ಗೇಟಿನ ಹತ್ತಿರ ಅಣ್ಣ ಯಾಕೆ ಬಂದಾನು?

ಒಂದು ಶನಿವಾರ ಮಧ್ಯಾಹ್ನ ಮೇಲಿನ ಹೊಲಕ್ಕೆ ಅವಳನ್ನು ನಡೆಸಿಕೊಂಡು ಹೋದೆ. ಮೊಸ್ಸಿ ಜೊತೆಗಿದ್ದ, ಆದರೆ ಅವನ ಸೊಂಟ ಹಿಡಿದುಕೊಂಡಿತ್ತು, ನನ್ನನ್ನು ಎತ್ತಿ ಜೀನಿಗೆ ಹಾಕಲು ಆಗಲಿಲ್ಲ. ಲಿನೆಟ್ ನಿಂತಲ್ಲಿ ನಿಲ್ಲದೆ ಕುಣಿಯುತ್ತಿದ್ದಳು. ನಾನು ರಿಕಾಪಿಗೆ ಕಾಲಿಟ್ಟು ಒಂಟಿ ಕಾಲಲ್ಲಿ ಅವಳ ಸುತ್ತ ಕುಪ್ಪಳಿಸುತ್ತಿದ್ದೆ, ನೋಡಿದವರು ನಗಬೇಕು, ಹಾಗೆ. ಮೊಸ್ಸಿ ನಕ್ಕೇ ನಕ್ಕ.

ಗೇಟಿನ ಸದ್ದಾಗಲಿಲ್ಲ, ಅಣ್ಣ ಅದರ ಮೇಲೆ ಹತ್ತಿ ಇಳಿದಿರಬೇಕು. ಡೇರಿಯ ಬಿಳಿ ಕೋಟಿನಲ್ಲೇ ಇದ್ದ. ಮಾತಿಲ್ಲದೆ ಬಂದು ನನ್ನ ಕಾಲನ್ನು ರಿಕಾಪಿನಿಂದ ಬಿಡಿಸಿದ. ಬಾಗಿ, ನನ್ನ ಎಡ ಮೊಣಕಾಲಿನ ಕೆಳಗೆ ಎರಡೂ ಅಂಗೈ ಕೂಡಿಸಿ ಹಿಡಿದ. ಹಾಲಿನ ವಾಸನೆ ಬರುತ್ತಿತ್ತು ಅವನಿಂದ. ಅವನು ಉಸಿರಿನಲ್ಲೇ ಎಣಿಸಿದ, ಮೂರಕ್ಕೆ ನನ್ನನ್ನು ಎತ್ತಿದ, ನಾನು ಗಾಳಿಯಂತೆ ಮೇಲೆ ಹೋಗಿ ಜೀನಿನಲ್ಲಿ ಕೂತಿದ್ದೆ. ಕೈ ಬಿಡುವ ಮುಂಚೆ ಅವನ ಹೆಬ್ಬೆರಳು ಲಿನೆಟ್‌ಳ ಪಕ್ಕೆಯನ್ನು ಒಮ್ಮೆ ಒತ್ತಿತು. ಅವಳು ಕುಣಿಯುವುದನ್ನು ನಿಲ್ಲಿಸಿ, ಸದಾ ಹಿಂದಕ್ಕಿರುವ ಕಿವಿಯನ್ನೂ ಮುಂದೆ ತಂದು, ಅವನತ್ತ ತಿರುಗಿದಳು.

"ಅವಳ ಬಾಯಿ ಎಳೀಬೇಡ," ಅಂದ. ನನಗೇ ಅಂದ. ಅಜ್ಜಿ ಅಲ್ಲಿರಲಿಲ್ಲ. "ಕೊರಳ ಕೂದಲು ಹಿಡ್ಕೊ. ಉಳಿದಿದ್ದು ಅವಳಿಗೆ ಗೊತ್ತು."

ನಾನು ಹೋದೆ. ಹೇಗೆ ಹೋದೆನೆಂದು ಕೇಳಬೇಡಿ. ಲಿನೆಟ್ ನನ್ನನ್ನು ಒಂದು ಮೂಟೆಯ ಹಾಗೆ ಹೊತ್ತು ಮೂರು ಬೇಲಿ ದಾಟಿಸಿ, ದೊಡ್ಡದಾಗಿ ಸುತ್ತು ಬಳಸಿ, ತಾನಾಗಿ ಅವನ ಮುಂದೆ ಬಂದು ನಿಂತಳು. ಮೊಸ್ಸಿ ಆ ಹೊತ್ತಿಗೆ ಹಸುಗಳ ಕಡೆ ಹೊರಟುಹೋಗಿದ್ದ. ಅಣ್ಣ ಲಗಾಮು ಹಿಡಿದುಕೊಂಡ.

ಮೊದಲನೆಯದನ್ನು ಹೇಗೆ ತೆಗೆದುಕೊಂಡಳು ಎಂದು ಕೇಳಿದ. ಚೆನ್ನಾಗಿ ಅಂದೆ. ಚೆನ್ನಾಗಿ ಅಂದರೆ ಹೇಗೆ, ಹತ್ತಿರ ಹೋಗಿಯಾ, ದೂರದಿಂದಲಾ? ದೂರದಿಂದ ಅಂದೆ. ಎಷ್ಟು ದೂರದಿಂದ? ಎರಡನೆಯದಕ್ಕೆ ಹೆಜ್ಜೆ ಬದಲಿಸಿದಳಾ? ಕಿವಿ ಹೇಗಿತ್ತು? ಮೂರನೆಯದರ ಆಚೆ ಇಳಿಯುವಾಗ ನೆಲ ಜಾರಿತಾ? ಹತ್ತು ತಿಂಗಳಲ್ಲಿ ಆಡದ ಮಾತನ್ನೆಲ್ಲ ಅವನು ಅಲ್ಲೇ ನಿಂತು ಕೇಳಿದ. ನನಗೆ ತಿಳಿದದ್ದನ್ನು ಹೇಳಿದೆ, ತಿಳಿಯದ್ದನ್ನು ಊಹಿಸಿ ಹೇಳಿದೆ. ಅವನು ನನ್ನ ಮುಖವನ್ನಲ್ಲ, ಬಾಯನ್ನೇ ನೋಡುತ್ತಿದ್ದ, ಹಸಿದವರು ಇನ್ನೊಬ್ಬರು ತಿನ್ನುವುದನ್ನು ನೋಡುವ ಹಾಗೆ.

"ಮೇಲಿದ್ದಾಗ?" ಅಂದ ಕೊನೆಗೆ. "ಅವಳು ಎದ್ದು, ಇನ್ನೂ ಇಳೀದೆ, ಮೇಲಿರ್ತೀವಲ್ಲ. ಆಗ ಏನು ಕಾಣಿಸ್ತು?"

ಈ ಒಂದಕ್ಕೆ ಸುಳ್ಳು ಹೇಳಲಾಗಲಿಲ್ಲ.

"ಕಣ್ಣು ಮುಚ್ಕೊಂಡಿದ್ದೆ ಅಣ್ಣ."

"ಮೂರಕ್ಕೂ?"

"ಮೂರಕ್ಕೂ."

ಅವನು ನಕ್ಕ. ತಲೆ ಲಿನೆಟ್‌ಳ ಕೊರಳಿಗೆ ಆನಿಸಿ, ಹೆಗಲು ಅಲುಗುವಷ್ಟು ನಕ್ಕ. ಆಮೇಲೆ ನಗು ಮುಗಿದರೂ ತಲೆ ಅಲ್ಲಿಂದ ಎತ್ತಲಿಲ್ಲ, ಅವಳ ಬೆವರಿನಲ್ಲಿ ಮುಖವಿಟ್ಟುಕೊಂಡೇ ಇದ್ದ. ಗುಡ್ಡದ ಆಚೆ ಯಾರದೋ ಟ್ರ್ಯಾಕ್ಟರು ಸದ್ದು ಮಾಡುತ್ತಿತ್ತು. ಅವನು ಮುಖ ಎತ್ತಿದಾಗ ಕೆನ್ನೆಗೆ ಕಂದು ಕೂದಲು ಅಂಟಿತ್ತು.

"ನಾಳೆ ಕಣ್ಣು ಬಿಟ್ಕೊಂಡು ಹಾರು," ಅಂದ. "ಆಮೇಲೆ ಬಂದು ನಂಗೆ ಹೇಳು."